ಹಿಪ್‌ಹಾಪ್ ಪತ್ರಿಕೆಗೆ ಹೆಸರು, ಅಕ್ಷರ, ಬಣ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಪ್‌ಹಾಪ್ ಸಂಗೀತಕ್ಕೊಂದು ಕನ್ನಡ ಪತ್ರಿಕೆ ಕಟ್ಟುವ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಅರ್ಥದ ಪತ್ರಗಳನ್ನು ಸೇರಿಸಿ, ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿದ್ದೇವೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು. ಮೂರು ತಿಂಗಳಿಗೊಮ್ಮೆ ಹಿಪ್‌ಹಾಪ್ ಪತ್ರಿಕೆ ತರಬೇಕೆಂದಿದ್ದೇವೆ. ಲೋಗೊ ಮಾಡಿಸಲು ಹೋದರೆ ಡಿಸೈನರ್ ‘ಮೊದಲು ಬ್ರೀಫ್ ಬರೆದುಕೊಂಡು ಬನ್ನಿ’ ಎಂದರು. ಅದರಲ್ಲಿ ಏನೇನಿರಬೇಕು? *(ಕೌಲ್‌ಬಜಾರ್, ಬಳ್ಳಾರಿ)*

ಉತ್ತರ: ಅವರು ಕೇಳಿದ್ದು ಸರಿಯಾಗಿಯೇ ಇದೆ. ಬ್ರೀಫ್ ಎಂದರೆ ಏನು ಬೇಕೆಂದು ಡಿಸೈನರ್‌ಗೆ ಬರೆದುಕೊಡುವ ಟಿಪ್ಪಣಿ. ಅದಿಲ್ಲದೆ ಮಾಡಿದ ಲೋಗೊ ಮೈಕು, ಹೆಡ್‌ಫೋನು, ಕಿರೀಟ ಈ ಮೂರರಲ್ಲಿ ಒಂದಾಗಿ ಮುಗಿಯುತ್ತದೆ. ಒಂದು ಹಾಳೆ ಸಾಕು, ಆದರೆ ಬರೆದದ್ದು ಖಚಿತವಾಗಿರಬೇಕು.

ಮೊದಲು ಓದುಗ ಯಾರು ಎಂದು ಬರೆಯಿರಿ. ‘ಯುವಜನತೆ’ ಎಂದು ಬರೆದರೆ ಡಿಸೈನರ್‌ಗೆ ಏನೂ ಸಿಗುವುದಿಲ್ಲ. ‘ಐಟಿಐ ಓದುತ್ತ ಫೋನಿನಲ್ಲೇ ಬೀಟ್ ಹಾಕಿಕೊಂಡು ಸಾಲು ಕಟ್ಟುವ ಹುಡುಗ, ಡಾನ್ಸ್ ಕ್ಲಾಸಿನಲ್ಲಿ ಬ್ರೇಕಿಂಗ್ ಕಲಿಯುವ ಹುಡುಗಿ’ ಎಂದು ಬರೆದರೆ ಅಕ್ಷರದ ಗಾತ್ರದಿಂದ ಹಿಡಿದು ಬೆಲೆಯವರೆಗೆ ಎಲ್ಲಕ್ಕೂ ದಾರಿ ಸಿಗುತ್ತದೆ.

ಆಮೇಲೆ ಪತ್ರಿಕೆಯ ಎಲ್ಲೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯನ್ನು ಹಿಪ್‌ಹಾಪ್‌ನ ಹುಟ್ಟು ಎಂದು ಲೆಕ್ಕ ಹಿಡಿಯುತ್ತಾರೆ. ಡಿಜೆ (ಹಾಡು ನುಡಿಸಿ ಬೆರೆಸುವುದು), ಎಂಸಿ (ಮೈಕಿನಲ್ಲಿ ರ‍್ಯಾಪ್ ಹಾಡುವುದು), ಬ್ರೇಕಿಂಗ್ (ಕುಣಿತ), ಗ್ರಾಫಿಟಿ (ಗೋಡೆಬರಹ) ಇದರ ನಾಲ್ಕು ಅಂಗಗಳು. ನೀವು ಬರೆಯುವುದು ಎಂಸಿಗಳ ಬಗ್ಗೆ ಮಾತ್ರವಾದರೆ ಅದು ರ‍್ಯಾಪ್ ಪತ್ರಿಕೆ, ಹಾಗೆಂದೇ ಹೇಳಿಕೊಳ್ಳಿ. ಹಿಪ್‌ಹಾಪ್ ಎಂದು ಹೆಸರು ಹಾಕಿ ಡಾನ್ಸರ್‌ಗಳಿಗೆ, ಗೋಡೆಗೆ ಬಣ್ಣ ಹೊಡೆಯುವವರಿಗೆ ಪುಟ ಕೊಡದಿದ್ದರೆ ಎರಡನೇ ಸಂಚಿಕೆಗೆ ಅವರು ದೂರವಾಗುತ್ತಾರೆ.

ಮೂರನೆಯದನ್ನು ಬಹುತೇಕರು ಬರೆಯುವುದೇ ಇಲ್ಲ: ಪ್ರತಿ ಸಂಚಿಕೆಯಲ್ಲೂ ತಪ್ಪದೆ ಬರುವುದು ಯಾವುದು? ‘ದಿ ಸೋರ್ಸ್’ ಪತ್ರಿಕೆ 1988ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳು ಶುರು ಮಾಡಿದ ಸುದ್ದಿಹಾಳೆ. ಅದಕ್ಕೆ ಹೆಸರು ತಂದುಕೊಟ್ಟದ್ದು ಆಲ್ಬಂಗಳಿಗೆ ಐದಕ್ಕೆ ಇಷ್ಟು ಎಂದು ಮೈಕ್ ಕೊಡುವ ವಿಮರ್ಶೆಯ ಪದ್ಧತಿ. 1997ರಲ್ಲಿ ಬಂದ ‘ಎಕ್ಸ್‌ಎಕ್ಸ್‌ಎಲ್’ ವರ್ಷಕ್ಕೊಮ್ಮೆ ಹೊಸ ರ‍್ಯಾಪರ್‌ಗಳ ಗುಂಪನ್ನೇ ಮುಖಪುಟಕ್ಕೆ ತರುವುದರಿಂದ ಹೆಸರಾಯಿತು. ಓದುಗರ ಬಾಯಲ್ಲಿ ಉಳಿಯುವುದು ಇಂಥವು. ಲೋಗೊ ಅವನ್ನು ಹೊತ್ತು ತಿರುಗುವ ಗುರುತು ಅಷ್ಟೆ. ಹಾಗಾಗಿ ಕನಿಷ್ಠ ಎರಡು ಕಾಯಂ ಅಂಕಣಗಳನ್ನು ಲೋಗೊಗಿಂತ ಮೊದಲೇ ನಿಶ್ಚಯಿಸಿ.

ಕೊನೆಗೆ ಲೋಗೊ ಎಲ್ಲೆಲ್ಲಿ ಕೂರಬೇಕು (ಮುಖಪುಟ, ಇನ್‌ಸ್ಟಾಗ್ರಾಂನ ಗುಂಡು ಚಿತ್ರ, ಸ್ಟಿಕರ್, ವೇದಿಕೆಯ ಫ್ಲೆಕ್ಸ್), ಎಷ್ಟು ಬಣ್ಣದ ಮುದ್ರಣಕ್ಕೆ ದುಡ್ಡಿದೆ ಎಂಬ ಎರಡು ಸಾಲು ಬರೆಯಿರಿ. ದುಡ್ಡಿನ ಮಾತು ಮುಚ್ಚಿಟ್ಟರೆ ಡಿಸೈನರ್ ನಿಮ್ಮ ಕೈಗೆ ಎಟುಕದ್ದನ್ನು ಮಾಡಿಕೊಡುತ್ತಾರೆ.

ಪ್ರಶ್ನೆ: ಹೆಸರಿನಲ್ಲಿ ‘ರ‍್ಯಾಪ್’ ಇರಲೇಬೇಕೆಂದು ನಮ್ಮ ಆಸೆ. ಕೆಲವರು ಟೈಪ್ ಮಾಡಿದರೆ ಅದು ಅರ್ಕಾವತ್ತಾಗಿ ‘ರ್ಯಾಪ್’ ಎಂದು ಬರುತ್ತದೆ. ಯಾವುದು ಸರಿ? ಬೇರೆಯವರು ಅದೇ ಹೆಸರು ಇಟ್ಟುಕೊಂಡಿದ್ದಾರೋ ಎಂದು ಎಲ್ಲಿ ನೋಡುವುದು? *(ಸಿಂಧನೂರು)*

ಉತ್ತರ: ರ ಕೆಳಗೆ ಯ ಒತ್ತು ಬರುವ ರೂಪಕ್ಕೆ ರ ಮತ್ತು ವಿರಾಮದ (ಸ್ವರ ತೆಗೆಯುವ ಚಿಹ್ನೆ) ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಇರಬೇಕು. ಅದಿಲ್ಲದಿದ್ದರೆ ಯುನಿಕೋಡ್ ನಿಯಮದಂತೆ ಅರ್ಕಾವತ್ತೇ ಬರುತ್ತದೆ. ಮುದ್ರಣದಲ್ಲಿ ನೀವು ಚಿತ್ರವಾಗಿ ಬರೆಸಿದ ಲೋಗೊ ಸರಿಯಾಗಿಯೇ ಕಾಣುತ್ತದೆ. ತೊಂದರೆ ಶುರುವಾಗುವುದು ಫೋನಿನಲ್ಲಿ: ಹುಡುಕುವವರು ಒಂದು ಬಗೆ ಟೈಪ್ ಮಾಡುತ್ತಾರೆ, ನಿಮ್ಮ ಪುಟದಲ್ಲಿ ಇನ್ನೊಂದು ಬಗೆ ಇರುತ್ತದೆ, ಎರಡೂ ಕೂಡುವುದಿಲ್ಲ. ಹ್ಯಾಶ್‌ಟ್ಯಾಗ್ ಕೂಡ ಎರಡಾಗಿ ಒಡೆಯುತ್ತದೆ. ‘ಹಿಪ್‌ಹಾಪ್’ಗೂ ಇಂಥದ್ದೇ ಕಾಟ, ನಡುವೆ ಬಿಡಿಸುವ ಚಿಹ್ನೆ ಹಾಕದಿದ್ದರೆ ಪ ಕೆಳಗೆ ಹ ಒತ್ತು ಸೇರಿಕೊಳ್ಳುತ್ತದೆ. ನಮ್ಮ ಸಲಹೆ ಇಷ್ಟು: ಹೆಸರಿಗೆ ಎರಡು ಮೂರು ಅಕ್ಷರದ ಅಚ್ಚ ಆಡುಮಾತಿನ ಪದ ಆರಿಸಿ, ‘ಹಿಪ್‌ಹಾಪ್ ತ್ರೈಮಾಸಿಕ’ ಎಂಬುದನ್ನು ಅದರಡಿ ಅಡಿಬರಹವಾಗಿ ಹಾಕಿ. ಪಾನ್‌ಶಾಪ್ ಮುಂದೆ ನಿಂತು ಒಂದೇ ಉಸಿರಿಗೆ ಕೇಳಿ ಪಡೆಯುವಂಥ ಹೆಸರಾಗಬೇಕು.

ಹೆಸರಿನ ಪರಿಶೀಲನೆ ಎರಡು ಕಡೆ. ಹಳೆಯ 1867ರ ಕಾಯ್ದೆಯ ಜಾಗಕ್ಕೆ ಬಂದ ಪತ್ರಿಕೆ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆ, 2023 ಈಗ ಜಾರಿಯಲ್ಲಿದೆ. ಅರ್ಜಿ ಹಾಕುವುದು ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ. ನಿಮ್ಮ ಶೀರ್ಷಿಕೆ ದೇಶದಲ್ಲಿ ಎಲ್ಲೇ ಆಗಲಿ ಕನ್ನಡದಲ್ಲಿ ಬೇರೆಯವರ ಹೆಸರಿಗೆ ಇರಬಾರದು. ಕರ್ನಾಟಕದೊಳಗಾದರೆ ಬೇರೆ ಯಾವ ಭಾಷೆಯ ಪತ್ರಿಕೆಗೂ ಇರಬಾರದು. ತೀರ ಹೋಲುವುದನ್ನೂ ತಿರಸ್ಕರಿಸುತ್ತಾರೆ. ಆದ್ದರಿಂದ ಮನಸ್ಸಿಗೆ ಹಿಡಿಸಿದ ಒಂದೇ ಹೆಸರಿಗೆ ಜೋತುಬೀಳದೆ ನಾಲ್ಕೈದು ಬದಲಿ ಹೆಸರು ಕೈಯಲ್ಲಿಟ್ಟುಕೊಳ್ಳಿ. ಒಪ್ಪಿಗೆ ಬರುವ ಮುಂಚೆ ಟೀಶರ್ಟು, ಬ್ಯಾನರು ಮುದ್ರಿಸಿಬಿಟ್ಟರೆ ಆ ದುಡ್ಡು ಹೋದಂತೆಯೇ.

ಇನ್ನೊಂದು ಟ್ರೇಡ್‌ಮಾರ್ಕ್. ಅದರ ಸರ್ಕಾರಿ ಜಾಲತಾಣದಲ್ಲಿ ಹೆಸರು ಹುಡುಕಲು ಶುಲ್ಕವಿಲ್ಲ. ಮುದ್ರಿತ ಪತ್ರಿಕೆ 16ನೇ ವರ್ಗ, ಕಾರ್ಯಕ್ರಮ ಮತ್ತು ಪ್ರಕಾಶನ 41, ಬಟ್ಟೆ 25. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ವರ್ಗವೊಂದಕ್ಕೆ 4,500 ರೂಪಾಯಿ. ಶುರುವಿಗೆ 16ನೇ ವರ್ಗ ಸಾಕು. ‘ರ‍್ಯಾಪ್ ಪತ್ರಿಕೆ’ಯಂಥ ವರ್ಣನೆಯ ಹೆಸರಿಗೆ ರಕ್ಷಣೆ ಸಿಗುವುದು ಕಷ್ಟ; ಚಿಕ್ಕ ಆಡುಮಾತಿನ ಹೆಸರನ್ನು ನಾವು ಹೇಳುವುದಕ್ಕೆ ಇದೂ ಒಂದು ಕಾರಣ. ಅರ್ಜಿಯ ಹಂತದಲ್ಲಿ ಟಿಎಂ ಎಂದು ಹಾಕಿಕೊಳ್ಳಬಹುದು. ವೃತ್ತದೊಳಗಿನ ಆರ್ ಚಿಹ್ನೆಯನ್ನು ನೋಂದಣಿಯಾಗುವ ತನಕ ಹಾಕಬೇಡಿ, ಅದು ಅಪರಾಧ.

ಪ್ರಶ್ನೆ: ನಮ್ಮ ಪತ್ರಿಕೆಯ ಹೆಸರು ‘ಪಟ್ಟು’. ಗ್ರಾಫಿಟಿ ಶೈಲಿಯಲ್ಲಿ ಬರೆಸಿದೆವು. ನೋಡಿದವರು ‘ವಟು’ ಎಂದು ಓದುತ್ತಿದ್ದಾರೆ. ಕಲಾವಿದರು ‘ಗ್ರಾಫಿಟಿ ಇರುವುದೇ ಹೀಗೆ’ ಎನ್ನುತ್ತಾರೆ. ಏನು ಮಾಡುವುದು? *(ಗಂಗಾವತಿ)*

ಉತ್ತರ: ಗೋಡೆಯ ಮೇಲೆ ಅವರ ಮಾತು ನಡೆಯುತ್ತದೆ, ಪತ್ರಿಕೆಯ ತಲೆಬರಹದಲ್ಲಿ ನಡೆಯುವುದಿಲ್ಲ. ನ್ಯೂಯಾರ್ಕಿನ ‘ವೈಲ್ಡ್‌ಸ್ಟೈಲ್’ ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಬರೆದವರು ಮತ್ತು ಅವರ ಓರಗೆಯವರು ಓದಿದರೆ ಅಲ್ಲಿಗೆ ಮುಗಿಯಿತು. ಪತ್ರಿಕೆಯನ್ನು ಅಂಗಡಿಯ ಹಗ್ಗಕ್ಕೆ ನೇತುಹಾಕಿದಾಗ ರಸ್ತೆಯ ಆಚೆ ಬದಿಯವರೂ ಓದಬೇಕು.

ನಿಮ್ಮ ಹೆಸರಿನಲ್ಲಿ ಎರಡು ಕಡೆ ಏಟು ಬಿದ್ದಿದೆ. ಪ ಮತ್ತು ವ ಬೇರೆಯಾಗುವುದು ಒಂದು ಸಣ್ಣ ತೆರಪಿನಿಂದ. ಉಬ್ಬಿದ ಅಕ್ಷರಕ್ಕೆ ದಪ್ಪ ಅಂಚು ಕಟ್ಟಿದಾಗ ಅಂಚಿನ ಅರ್ಧ ಭಾಗ ಒಳಮುಖವಾಗಿ ಬೆಳೆದು ಆ ತೆರಪನ್ನು ಮುಚ್ಚುತ್ತದೆ, ಪ ಹೋಗಿ ವ ಆಗುತ್ತದೆ. ಇದೇ ಕಾರಣಕ್ಕೆ ಠ ಒಳಗಿನ ಚುಕ್ಕಿ, ಧ ಮತ್ತು ಭ ಕೆಳಗಿನ ಸೀಳು, ಷ ಹೊಟ್ಟೆಯ ಗೀಟು ಕೂಡ ಮಾಯವಾಗುತ್ತವೆ. ಪರಿಹಾರ ಸುಲಭ: ಅಂಚನ್ನು ಹೊರಮುಖಕ್ಕೆ ಮಾತ್ರ ಬೆಳೆಸಿ, ಒಳತೆರಪುಗಳನ್ನು ಮೂಲಕ್ಕಿಂತ ಒಂದೂವರೆ ಪಟ್ಟು ಹಿಗ್ಗಿಸಿ ಬರೆಸಿ.

ಇನ್ನೊಂದು ಏಟು ಒತ್ತಕ್ಷರಕ್ಕೆ. ಟ ಕೆಳಗಿನ ಒತ್ತನ್ನು ನಿಮ್ಮ ಕಲಾವಿದರು ಕೆಳಗಿಳಿಯುವ ಬಣ್ಣದ ಹನಿಯಂತೆ ಬರೆದಿರಬೇಕು. ಓದುಗ ಅದನ್ನು ಅಲಂಕಾರ ಎಂದುಕೊಂಡು ಬಿಟ್ಟುಬಿಡುತ್ತಾನೆ. ಒತ್ತು ಮೂಲ ಅಕ್ಷರದ ಎತ್ತರದ ಅರ್ಧಕ್ಕಿಂತ ಚಿಕ್ಕದಾಗದಿರಲಿ. ರೇಖೆಯ ದಪ್ಪವೂ ಮೂಲದ್ದಕ್ಕೆ ಹತ್ತಿರವಿರಲಿ. ಬಣ್ಣ ಸೋರುವ ಹನಿ ಬೇಕೇ ಬೇಕಾದರೆ ಒತ್ತಿಲ್ಲದ ಅಕ್ಷರದಿಂದ ಇಳಿಸಿ. ತಲೆಕಟ್ಟನ್ನು ಬಾಣ ಮಾಡುವ ಚಟವೂ ಬಹಳ ಇದೆ. ತಲೆಕಟ್ಟಿನ ಜಾಗದಲ್ಲೇ ಗುಡಿಸು, ಏತ್ವ ಬರುವುದರಿಂದ ಅದನ್ನು ತಿರುಚಿದರೆ ಸ್ವರವೇ ಬದಲಾದಂತೆ ಕಾಣುತ್ತದೆ. ಬಾಣವನ್ನು ಕೊಂಬಿನ ತುದಿಗೆ ಕೊಡಿ. ‘ಪಟ್ಟು’ವಿಗೆ ಕೊನೆಯಲ್ಲಿ ಕೊಂಬಿದೆ, ಅದು ಬಲಕ್ಕೆ ಚಾಚಿಕೊಂಡು ಹೋಗಲು ಹೇಳಿ ಮಾಡಿಸಿದ ಜಾಗ.

ಶೈಲಿಗಳಲ್ಲಿ ‘ಥ್ರೋ ಅಪ್’ ಎನ್ನುವ ಗುಂಡು ಉಬ್ಬಿನ ಬರಹ ಕನ್ನಡಕ್ಕೆ ಚೆನ್ನಾಗಿ ಒಗ್ಗುತ್ತದೆ, ನಮ್ಮ ಅಕ್ಷರಗಳು ಹುಟ್ಟಾ ಗುಂಡಗಿನವು. ಚೂಪು ಮೂಲೆಗಳ ವೈಲ್ಡ್‌ಸ್ಟೈಲನ್ನು ಒಳಪುಟದ ಪೋಸ್ಟರಿಗೆ ಇಟ್ಟುಕೊಳ್ಳಿ, ಅಲ್ಲಿ ಕಲಾವಿದರಿಗೆ ಪೂರ್ತಿ ಸ್ವಾತಂತ್ರ್ಯ ಕೊಡಿ. ಕಾಗದದ ಮೇಲೆ ಮಾರ್ಕರಿನಲ್ಲಿ ಹತ್ತಾರು ಸಲ ಬರೆಸಿ, ಒಳ್ಳೆಯದನ್ನು ಸ್ಕ್ಯಾನ್ ಮಾಡಿ, ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಅಂಚು ಕೆಡದ ರೇಖಾಚಿತ್ರ) ಆಗಿ ಎಳೆಸಿ. ಸ್ಕ್ಯಾನ್ ಆದ ಚಿತ್ರವನ್ನೇ ಲೋಗೊ ಎಂದು ಇಟ್ಟುಕೊಂಡರೆ ಫ್ಲೆಕ್ಸ್‌ಗೆ ಹಿಗ್ಗಿಸಿದ ದಿನ ಅಂಚೆಲ್ಲ ಹಲ್ಲುಹಲ್ಲಾಗಿ ಕಾಣುತ್ತದೆ.

ಒಪ್ಪುವ ಮುನ್ನ ಈ ಪರೀಕ್ಷೆಗಳನ್ನು ಮಾಡಿ. ಎರಡು ಸೆಂಟಿಮೀಟರ್ ಅಗಲಕ್ಕೆ ಇಳಿಸಿ ಕಪ್ಪಿನಲ್ಲಿ ಮಾತ್ರ ಮುದ್ರಿಸಿ. ಅದನ್ನು ಝೆರಾಕ್ಸ್ ಮಾಡಿ, ಆ ಝೆರಾಕ್ಸನ್ನು ಮತ್ತೆ ಝೆರಾಕ್ಸ್ ಮಾಡಿ. ಫೋನಿನಲ್ಲಿ ಪ್ರೊಫೈಲ್ ಚಿತ್ರದ ಅಳತೆಯಲ್ಲಿ ನೋಡಿ. ಹಿಪ್‌ಹಾಪ್ ಗಂಧ ಗೊತ್ತಿಲ್ಲದ ಐದು ಜನರಿಗೆ ತೋರಿಸಿ, ‘ಇಲ್ಲಿ ಏನು ಬರೆದಿದೆ?’ ಎಂದು ಕೇಳಿ, ಸುಳಿವು ಕೊಡಬೇಡಿ. ಇಬ್ಬರು ತಪ್ಪು ಓದಿದರೂ ತಿದ್ದಿಸಿ.

ಪ್ರಶ್ನೆ: ಒಳಪುಟಗಳಿಗೆ ಯಾವ ಫಾಂಟ್? ಡಿಟಿಪಿಯವರು ನುಡಿಯಲ್ಲಿ ಮಾಡುತ್ತೇನೆ ಎನ್ನುತ್ತಾರೆ. ಯುನಿಕೋಡ್‌ನಲ್ಲಿ ಕೊಟ್ಟರೆ ಒತ್ತು ಒಡೆಯುತ್ತದಂತೆ. *(ದೇವದುರ್ಗ)*

ಉತ್ತರ: ಒತ್ತು ಒಡೆಯುವುದು ತಂತ್ರಾಂಶದ ಸೆಟ್ಟಿಂಗ್‌ನಿಂದ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಕಂಪೋಸರ್ ಅನ್ನು ‘ವರ್ಲ್ಡ್ ರೆಡಿ’ಗೆ ಬದಲಿಸಬೇಕು, ಇಲ್ಲಸ್ಟ್ರೇಟರ್‌ನಲ್ಲಿ ಟೈಪ್ ಪ್ರಿಫರೆನ್ಸಸ್‌ಗೆ ಹೋಗಿ ಇಂಡಿಕ್ ಆಯ್ಕೆಗಳನ್ನು ತೆರೆಯಬೇಕು. ಉಚಿತ ಇಂಕ್‌ಸ್ಕೇಪ್‌ನಲ್ಲಿ ಕನ್ನಡ ಹಾಗೆಯೇ ಸರಿಯಾಗಿ ಕೂಡುತ್ತದೆ. ಹಳೆಯ ಆಸ್ಕಿ ನುಡಿಯಲ್ಲಿ (ಯುನಿಕೋಡ್‌ಗೆ ಮುಂಚಿನ ಅಕ್ಷರ ಸಂಕೇತ) ಮಾಡಿದ ಲೇಖನವನ್ನು ನಾಳೆ ಜಾಲತಾಣಕ್ಕೆ ಹಾಕಿದರೆ ಗುರುತಿಲ್ಲದ ಅಕ್ಷರಗಳ ಸಾಲು ಬರುತ್ತದೆ, ಪರಿವರ್ತಿಸಿ ಮತ್ತೆ ಕರಡು ತಿದ್ದಬೇಕಾಗುತ್ತದೆ. ಮೊದಲ ದಿನದಿಂದಲೇ ಯುನಿಕೋಡ್ ಹಿಡಿಯಿರಿ, ಮುದ್ರಣಕ್ಕೆ ಫಾಂಟ್ ಅಡಕಗೊಳಿಸಿದ ಪಿಡಿಎಫ್ ಕೊಡಿ.

ಫಾಂಟ್ ಎರಡೇ ಸಾಕು. ತಲೆಬರಹಗಳಿಗೆ ಅನೇಕ್ ಕನ್ನಡ ಒಳ್ಳೆಯದು: ತೆಳುವಿನಿಂದ ಕಡುದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಒಂದೇ ಕುಟುಂಬದಲ್ಲಿ ಸಿಗುತ್ತದೆ. ಗುಂಡಗಿನದು ಬೇಕಾದರೆ ಬಾಲೂ ತಮ್ಮ. ಓದುವ ಭಾಗಕ್ಕೆ ನೋಟೊ ಸೆರಿಫ್ ಕನ್ನಡ ಅಥವಾ ಟಿರೊ ಕನ್ನಡ. ಇವೆಲ್ಲ ಮುಕ್ತ ಪರವಾನಗಿಯವು, ಮಾರುವ ಪತ್ರಿಕೆಗೂ ಬಳಸಬಹುದು. 10 ಪಾಯಿಂಟ್ ಅಕ್ಷರಕ್ಕೆ 15 ಪಾಯಿಂಟ್ ಸಾಲಿನ ಅಂತರ ಕೊಡಿ. ಇಂಗ್ಲಿಷ್ ಪತ್ರಿಕೆ ನೋಡಿ 12 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರಗಳ ನಡುವೆ ಜಾಗ ಹಿಗ್ಗಿಸುವ ಇಂಗ್ಲಿಷ್ ಶೋಕಿ ಕನ್ನಡದಲ್ಲಿ ಬೇಡ. ಕೊಂಬು, ದೀರ್ಘಗಳು ಅಕ್ಷರದಿಂದ ಕಳಚಿಕೊಂಡಂತೆ ಕಾಣುತ್ತವೆ.

ಪ್ರಶ್ನೆ: ಪ್ರಾಯೋಗಿಕ ಸಂಚಿಕೆಗೆ ಕಪ್ಪು ಮುಖಪುಟ, ಚಿನ್ನದ ಅಕ್ಷರ ಮಾಡಿಸಿದೆವು. ಪರದೆಯ ಮೇಲೆ ಮಿಂಚುತ್ತಿತ್ತು. ಮುದ್ರಣವಾಗಿ ಬಂದಾಗ ಕಪ್ಪು ಬೂದಿಯಂತೆ, ಚಿನ್ನ ಸಾಸಿವೆಯಂತೆ. ಮಡಿಕೆಯಲ್ಲಿ ಬಿಳಿ ಬಿರುಕು ಬೇರೆ. *(ರಾಯಚೂರು)*

ಉತ್ತರ: ಮೂರಕ್ಕೂ ಬೇರೆ ಬೇರೆ ಕಾರಣ. ಬರೀ ಕಪ್ಪು ಶಾಯಿ ನೂರಕ್ಕೆ ನೂರು ಹಾಕಿದರೂ ದೊಡ್ಡ ಜಾಗದಲ್ಲಿ ಮಾಸಿದಂತೆ ಕಾಣುತ್ತದೆ. ಸಯಾನ್ (ತಿಳಿನೀಲಿ ಶಾಯಿ) 60, ಮೆಜೆಂಟಾ (ಗುಲಾಬಿ ಕೆಂಪು ಶಾಯಿ) 40, ಹಳದಿ 40, ಕಪ್ಪು 100 ಸೇರಿಸಿದರೆ ಕಡುಗಪ್ಪು ಬರುತ್ತದೆ. ಒಟ್ಟು 240, ಆರ್ಟ್ ಪೇಪರ್ ತಡೆಯುತ್ತದೆ. ನಾಲ್ಕನ್ನೂ ನೂರಕ್ಕೇರಿಸಿದರೆ ಶಾಯಿ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಹತ್ತುತ್ತದೆ. ಈ ಕಡುಗಪ್ಪನ್ನು ಹರವಿದ ಹಿನ್ನೆಲೆಗೆ ಮಾತ್ರ ಬಳಸಿ. ಸಣ್ಣ ಅಕ್ಷರಕ್ಕೆ ಬರೀ ಕಪ್ಪು 100 ಇರಲಿ, ಇಲ್ಲವಾದರೆ ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ನೆರಳು ಮೂಡುತ್ತದೆ. ಕಡುಗಪ್ಪಿನ ಮೇಲೆ ಬಿಳಿ ಅಕ್ಷರ ಬಿಡುವಾಗಲೂ ದಪ್ಪ ತೂಕದ ಫಾಂಟ್, 9 ಪಾಯಿಂಟ್‌ಗೆ ಕಡಿಮೆಯಿಲ್ಲದಂತೆ.

ನಾಲ್ಕು ಬಣ್ಣದಲ್ಲಿ ಲೋಹದ ಹೊಳಪು ಬರುವುದೇ ಇಲ್ಲ. ಐದನೇ ಬಣ್ಣವಾಗಿ ಲೋಹದ ಶಾಯಿ (ಪ್ಯಾಂಟೋನ್ 871ನ್ನು ಪ್ರೆಸ್ಸಿನವರಿಗೆ ಹೇಳಿದರೆ ಗೊತ್ತಾಗುತ್ತದೆ) ಅಥವಾ ಬಿಸಿ ಅಚ್ಚಿನ ಫಾಯಿಲ್ ಬೇಕು. ಎರಡೂ ಪ್ರತಿ ಸಂಚಿಕೆಗೆ ಹೆಚ್ಚುವರಿ ಖರ್ಚು. ಅದಕ್ಕಿಂತ, ಚಿನ್ನವೇ ಯಾಕೆ ಎಂದು ಒಮ್ಮೆ ಕೂತು ಯೋಚಿಸಿ. ಚಿನ್ನದ ಸರ ಬೇರೆ ಊರಿನವರ ಗುರುತು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಾರೆ; ಅದರ ನೀಲಿ, ಅದರ ಮೇಲಿನ ಕಿತ್ತಳೆ ಹೊಲಿಗೆ ದಾರ, ಸಂಡೂರಿನ ಅದಿರಿನ ಕೆಂಪು ಇವೆಲ್ಲ ನಾಲ್ಕು ಬಣ್ಣದಲ್ಲೇ ಸೊಗಸಾಗಿ ಬರುತ್ತವೆ. ನೀಲಿಗೆ ಸಯಾನ್ 100 ಇಟ್ಟರೆ ಮೆಜೆಂಟಾ 70 ದಾಟಬಾರದು, ದಾಟಿದರೆ ನೇರಳೆಗೆ ತಿರುಗುತ್ತದೆ. ಒಂದು ಬಣ್ಣ ಪತ್ರಿಕೆಯದೆಂದು ಸದಾ ಇರಲಿ, ಇನ್ನೊಂದು ಸಂಚಿಕೆಯಿಂದ ಸಂಚಿಕೆಗೆ ಬದಲಾಗಲಿ.

ಬಿರುಕಿಗೆ ಕಾರಣ ದಪ್ಪ ಕಾರ್ಡು. ಕಾಗದದ ತೂಕವನ್ನು ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಎಂದು ಹೇಳುತ್ತಾರೆ. 250 ಜಿಎಸ್‌ಎಂ ಹಾಳೆಯನ್ನು ಗೀರದೆ ಮಡಿಸಿದರೆ ಶಾಯಿ ಒಡೆದು ಒಳಗಿನ ಬಿಳಿ ಇಣುಕುತ್ತದೆ. 210ಕ್ಕೆ ಇಳಿಸಿ, ಮಡಿಸುವ ಮುನ್ನ ಕ್ರೀಸ್ (ಮಡಿಕೆಯ ಗೀರು) ಹಾಕಿಸಿ, ಮೇಲೆ ಲ್ಯಾಮಿನೇಷನ್ ಮಾಡಿಸಿ. ಕಪ್ಪು ಮ್ಯಾಟ್ ಲ್ಯಾಮಿನೇಷನ್ ಮೇಲೆ ಬೆರಳಚ್ಚು, ಧೂಳು ಎರಡೂ ಎದ್ದು ಕಾಣುತ್ತವೆ. ನಮ್ಮ ಭಾಗದ ಧೂಳಿಗೆ ಹೊಳಪಿನ (ಗ್ಲಾಸ್) ಲ್ಯಾಮಿನೇಷನ್ನೇ ಮೇಲು.

ಪ್ರಶ್ನೆ: ಪುಟ ಎಷ್ಟಿರಬೇಕು? ಎ4 ಇಟ್ಟುಕೊಳ್ಳೋಣವೇ? *(ಸಿರುಗುಪ್ಪ)*

ಉತ್ತರ: ಪ್ರೆಸ್ಸಿನಲ್ಲಿ ಯಾವ ಹಾಳೆ ಓಡುತ್ತದೆ ಎಂದು ಮೊದಲು ಕೇಳಿ. 23×36 ಇಂಚಿನ ಹಾಳೆಯ 23 ಇಂಚು ಎಂದರೆ 584 ಮಿಲಿಮೀಟರ್. ಎ4ನ ಎರಡು ಎತ್ತರ 594. ಕೂರುವುದಿಲ್ಲ, ದೊಡ್ಡ ಹಾಳೆ ತರಿಸಬೇಕು, ಅಂಚಿನ ಕಾಗದ ವ್ಯರ್ಥ. 8×10.5 ಇಂಚು ಇಟ್ಟುಕೊಂಡರೆ ಕತ್ತರಿಸುವ ಅಂಚು, ಯಂತ್ರ ಹಿಡಿಯುವ ಅಂಚು ಎಲ್ಲ ಸೇರಿ ಒಂದು ಹಾಳೆಗೆ 16 ಪುಟ ಬರುತ್ತದೆ. 32 ಒಳಪುಟ, 4 ಮುಖಪುಟ, ನಡುವೆ ಪಿನ್. ಒಳಗೆ 80 ಜಿಎಸ್‌ಎಂ ಮ್ಯಾಪ್ಲಿತೊ (ಹೊಳಪಿಲ್ಲದ ಕಾಗದ) ಸಾಕು. ಅಂಚಿಗೆ ತಾಗುವ ಚಿತ್ರಗಳಿಗೆಲ್ಲ ಕತ್ತರಿಸುವ ಗೆರೆಯಿಂದಾಚೆ 3 ಮಿಲಿಮೀಟರ್ ಹೆಚ್ಚುವರಿ ಚಿತ್ರ (ಬ್ಲೀಡ್) ಬಿಡಿ. ಪಿನ್ ಹೊಡೆದ ಪತ್ರಿಕೆಗೆ ಬೆನ್ನು ಇರುವುದಿಲ್ಲವಾದ್ದರಿಂದ ಹೆಸರು, ಸಂಚಿಕೆ ಸಂಖ್ಯೆ ಎರಡೂ ಮುಖಪುಟದ ಮೇಲಿನ ಕಾಲುಭಾಗದೊಳಗೇ ಇರಬೇಕು, ಅಂಗಡಿಯಲ್ಲಿ ಜೋಡಿಸಿಟ್ಟಾಗ ಕಾಣುವುದು ಅಷ್ಟೇ.

ಪ್ರಶ್ನೆ: ಮೊದಲ ಮುಖಪುಟಕ್ಕೆ ಹಂಪಿಯ ಕಲ್ಲಿನ ರಥದ ಮುಂದೆ ರ‍್ಯಾಪರ್ ನಿಂತ ಚಿತ್ರವೋ, ಚಂದನ್ ಶೆಟ್ಟಿ, ಆಲ್ ಓಕೆ ಅವರಂಥ ಹೆಸರುವಾಸಿಗಳೋ? *(ಕೊಪ್ಪಳ)*

ಉತ್ತರ: ಎರಡೂ ಬೇಡ ಎನ್ನುತ್ತೇವೆ. ಕಲ್ಲಿನ ರಥ ಐವತ್ತು ರೂಪಾಯಿ ನೋಟಿನ ಮೇಲೇ ಇದೆ. ಅದು ಹಂಪಿಯನ್ನು ತೋರಿಸುತ್ತದೆ, ನಿಮ್ಮ ಪತ್ರಿಕೆಯನ್ನಲ್ಲ. ಸಂರಕ್ಷಿತ ಸ್ಮಾರಕದಲ್ಲಿ ವ್ಯಾಪಾರಕ್ಕಾಗಿ ಚಿತ್ರೀಕರಿಸಲು ಪುರಾತತ್ವ ಇಲಾಖೆಯ ಅನುಮತಿಯೂ ಬೇಕು. ಸ್ಮಾರಕದ ಕಲ್ಲಿಗೆ ಬಣ್ಣ ತಾಗಿಸುವ ಯೋಚನೆಯಂತೂ ಬೇಡವೇ ಬೇಡ, 1958ರ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲು ಇದೆ. ಊರೊಳಗಿನ ಗೋಡೆಗೆ ಗ್ರಾಫಿಟಿ ಮಾಡಿಸುವುದಾದರೂ ಗೋಡೆಯ ಯಜಮಾನರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಹೆಸರುವಾಸಿಗಳ ಮುಖ ಮೊದಲ ಸಂಚಿಕೆಯನ್ನು ಮಾರಿಕೊಡಬಹುದು. ಆದರೆ ಅವರ ಸುದ್ದಿ ಎಲ್ಲ ಕಡೆ ಸಿಗುವಾಗ ಎರಡನೆಯದನ್ನು ಓದುಗ ಯಾಕೆ ಕೊಳ್ಳಬೇಕು? ನಿಮ್ಮ ಭಾಗದ, ಇನ್ನೂ ಯಾರೂ ಬರೆಯದ ಒಬ್ಬರನ್ನು ಹಾಕಿ. ಅವರ ಮುಖವೇ ಪುಟದ ಮೂರನೇ ಎರಡು ಭಾಗ ತುಂಬಲಿ, ಪ್ರತಿ ಸಂಚಿಕೆಗೂ ಒಂದೇ ಕೋನ, ಒಂದೇ ಬಗೆಯ ಹಗಲಿನ ಬೆಳಕು ಇರಲಿ. ನಾಲ್ಕು ಸಂಚಿಕೆ ಸಾಲಾಗಿ ಇಟ್ಟಾಗ ಒಂದೇ ಮನೆಯವು ಎಂದು ಗೊತ್ತಾಗಬೇಕು.

ನಾಡಿನ ಗುರುತು ಬೇಕೆಂದರೆ ವಿಷಯದಲ್ಲಿ ತನ್ನಿ. ಗೀಗೀ ಪದದಲ್ಲಿ ಹರದೇಶಿ-ನಾಗೇಶಿ ಮೇಳಗಳು ಎದುರುಬದುರು ನಿಂತು ಸವಾಲು ಜವಾಬು ಹಾಡುತ್ತವೆ. ಮೊಹರಮ್ಮಿನಲ್ಲಿ ಅಲಾಯಿ ಹೆಜ್ಜೆ ಹಾಕುತ್ತ ಹಾಡುತ್ತಾರೆ. ಬಳ್ಳಾರಿ ಕಡೆ ಬುರ‍್ರಕಥೆ ಇದೆ. ಈ ಹಾಡುಗಾರರನ್ನು ಕೂರಿಸಿಕೊಂಡು ಲಯದ ಬಗ್ಗೆ, ಆ ಗಳಿಗೆಯಲ್ಲೇ ಸಾಲು ಕಟ್ಟುವ ಬಗ್ಗೆ ಮಾತಾಡಿಸಿ, ಅದನ್ನು ಕಾಯಂ ಅಂಕಣ ಮಾಡಿ. ‘ರ‍್ಯಾಪ್ ಹುಟ್ಟಿದ್ದೇ ನಮ್ಮಲ್ಲಿ’ ಎಂದು ಮಾತ್ರ ಬರೆಯಬೇಡಿ. ಬ್ರಾಂಕ್ಸ್‌ನ ಕಪ್ಪು ಮತ್ತು ಕೆರಿಬಿಯನ್ ಮೂಲದ ಹುಡುಗರು ಕಟ್ಟಿದ ಕಲೆ ಅದು. ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿದರೆ ಗೀಗೀ ಪದದ ಹಿರಿಮೆಗೇನೂ ಕುಂದಿಲ್ಲ.

ಪ್ರಶ್ನೆ: ನಮ್ಮ ಹುಡುಗರು ಕನ್ನಡ, ತೆಲುಗು, ದಖನಿ ಕಲಸಿಕೊಂಡು ಹಾಡುತ್ತಾರೆ, ಬೈಗುಳವೂ ಇರುತ್ತದೆ. ಪತ್ರಿಕೆಯ ಭಾಷೆ ಹೇಗಿರಬೇಕು? ಹಾಡಿನ ಸಾಹಿತ್ಯ ಪೂರ್ತಿ ಹಾಕಬಹುದೇ? *(ಮಾನ್ವಿ)*

ಉತ್ತರ: ಹಾಡಿದವರ ಮಾತನ್ನು ಹಾಡಿದಂತೆಯೇ ಅಚ್ಚು ಹಾಕಿ. ‘ಹೊಂಟೀನಿ’ಯನ್ನು ‘ಹೊರಟಿದ್ದೇನೆ’ ಮಾಡಿದ ಗಳಿಗೆಯಲ್ಲಿ ಪತ್ರಿಕೆಯ ದನಿ ಹೋಯಿತು. ದಖನಿ, ತೆಲುಗು ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟು ಅರ್ಥವನ್ನು ಪಕ್ಕದ ಅಂಚಿನಲ್ಲಿ ಕೊಡಿ. ಸಂಪಾದಕರ ಮಾತು ಮಾತ್ರ ಒಂದೇ ಹದದಲ್ಲಿರಲಿ. ಇದಕ್ಕೆ ಎರಡು ಪುಟದ ಪದಪಟ್ಟಿ ಮಾಡಿಕೊಳ್ಳಿ: ಎಂಸಿ, ಬೀಟ್, ಫ್ಲೋ (ಸಾಲು ಹರಿಯುವ ಬಗೆ), ಸೈಫರ್ (ಸುತ್ತ ನಿಂತು ಸರದಿಯಂತೆ ರ‍್ಯಾಪ್ ಹಾಡುವುದು) ಹೇಗೆ ಬರೆಯುವುದು, ಕಲಾವಿದರ ಹೆಸರು ಅವರೇ ಬರೆದುಕೊಳ್ಳುವ ಕಾಗುಣಿತದಲ್ಲೇ ಇರಬೇಕು, ಹೀಗೆ. ಬೈಗುಳದಲ್ಲಿ ಗೆರೆ ಎಳೆಯುವುದು ಒಂದೇ ಕಡೆ: ಜಾತಿ, ಹೆಣ್ಣು, ಮೈಬಣ್ಣ ಹಿಡಿದು ಹೀಗಳೆಯುವ ಸಾಲು ಯಾರು ಹಾಡಿದರೂ ಅಚ್ಚಾಗಬಾರದು. ಆ ನಿಯಮವನ್ನು ಮೊದಲ ಸಂಚಿಕೆಯಲ್ಲೇ ಪ್ರಕಟಿಸಿ.

ವಿಮರ್ಶೆಗೆ ಬೇಕಾದ ನಾಲ್ಕಾರು ಸಾಲು ಉದ್ಧರಿಸಲು ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವಕಾಶವಿದೆ. ಇಡೀ ಹಾಡು ಹಾಕಲು ಬರೆದವರ, ಅಥವಾ ಹಕ್ಕು ಕೊಂಡ ಕಂಪನಿಯ ಲಿಖಿತ ಒಪ್ಪಿಗೆ ಬೇಕು. ದುಡ್ಡು ಪಡೆದು ಬರೆದ ಪುಟದ ನೆತ್ತಿಯ ಮೇಲೆ ‘ಜಾಹೀರಾತು’ ಎಂದು ಓದುವ ಗಾತ್ರದಲ್ಲಿ ಹಾಕಿ. ಇಷ್ಟು ಚಿಕ್ಕ ವಲಯದಲ್ಲಿ ಯಾರು ಯಾರಿಗೆ ಕೊಟ್ಟರು ಎಂಬುದು ವಾರದೊಳಗೆ ಎಲ್ಲರಿಗೂ ಗೊತ್ತಾಗುತ್ತದೆ, ಆಮೇಲೆ ನಿಮ್ಮ ವಿಮರ್ಶೆಯ ಅಂಕಕ್ಕೆ ಬೆಲೆ ಇರುವುದಿಲ್ಲ.

ಪ್ರಶ್ನೆ: ಲೋಗೊ ಇರುವ ಟೀಶರ್ಟ್ ಮಾರಿ ಖರ್ಚು ಹೊಂದಿಸಬಹುದೇ? *(ಲಿಂಗಸುಗೂರು)*

ಉತ್ತರ: ಎರಡು ಸಂಚಿಕೆ ಹೊತ್ತಿಗೆ ಸರಿಯಾಗಿ ಬಂದ ಮೇಲೆ. ಒಂದೇ ಬಣ್ಣದ ಸ್ಕ್ರೀನ್ ಪ್ರಿಂಟ್ ಮಾಡಿಸಿ, ಬಣ್ಣ ಹೆಚ್ಚಿದಷ್ಟೂ ಸ್ಕ್ರೀನ್ ಹೆಚ್ಚು, ಖರ್ಚೂ ಹೆಚ್ಚು. ತೀರ ತೆಳುವಾದ ರೇಖೆ ಬಟ್ಟೆಯ ಮೇಲೆ ಒಡೆಯುತ್ತದೆ, ಹಾಗಾಗಿ ಟೀಶರ್ಟಿಗೆ ಲೋಗೊದ ಅಂಚು ದಪ್ಪಗಿರುವ ಬೇರೆ ಪ್ರತಿ ಇಟ್ಟುಕೊಳ್ಳಿ. ಮುಂಗಡ ದುಡ್ಡು ಕೊಟ್ಟವರ ಪಟ್ಟಿ ಮಾಡಿ, ಅಳತೆ ಬರೆದುಕೊಂಡು, ಅಷ್ಟನ್ನೇ ಮುದ್ರಿಸಿ.